ಅಪ್ಪನ ಬಲಗಾಲು

ಆ ಪವಿತ್ರ ಗುರುವಾರದ ಸಂಜೆ ಅಪ್ಪ ಚರ್ಚಿನ ಮೆಟ್ಟಿಲ ಮೇಲೆ ಎಡವಿ ಬೀಳಬಹುದಿತ್ತು. ಪಾದ್ರಿ ಸ್ವಾಮಿಗಳಿಂದ ತೊಳೆಸಿಕೊಳ್ಳಲು ಬಲಗಾಲು ಚಾಚಬೇಕಾದಲ್ಲಿ ಎಡಗಾಲು ಚಾಚಬಹುದಿತ್ತು. ಪಕ್ಕದ ಕುರ್ಚಿಯಾತ ಮೂಗಿಗೆ ಟವಲು ಹಿಡಿದು ಎದ್ದು ಹೋಗಬಹುದಿತ್ತು. ಮುಂದಿನ ಸಾಲಿನ ಹೆಂಗಸರು ಆ ಕಾಲು ಕಂಡು ‘ಅಯ್ಯಪ್ಪಾ’ ಎನ್ನಬಹುದಿತ್ತು. ಉಪದೇಶ ಉದ್ದವಾಗಿ ಅಪ್ಪ ತೂಕಡಿಸಬಹುದಿತ್ತು, ತೂಕಡಿಸಿದರೆ ಗೊರಕೆ, ಗೊರಕೆ ಬಂದರೆ ಹುಡುಗರ ನಗು. ಸ್ವಾಮಿಗಳು ಎದುರು ಮೊಣಕಾಲೂರಿದಾಗ ಅಪ್ಪ ಗಾಬರಿಯಿಂದ ತಾನೂ ಎದ್ದು ಮೊಣಕಾಲೂರಿ, ಇಬ್ಬರ ತಲೆಯೂ ಡಿಕ್ಕಿ ಹೊಡೆಯಬಹುದಿತ್ತು. ಅಥವಾ ಅಷ್ಟು ಜನರ ಮುಂದೆ, “ಈ ನೆಲಕ್ಕೆ ಗಾರೆ ಹಾಕಿದ್ದು ನಾನೇ ಸ್ವಾಮಿ,” ಎಂದು ಶುರುಮಾಡಬಹುದಿತ್ತು. ಇದಕ್ಕೇ ನಾನು ಹೆಚ್ಚು ಹೆದರಿದ್ದು.

ಇವುಗಳಲ್ಲಿ ಒಂದೂ ಆಗಲಿಲ್ಲ.

ಚಿಂತೆ ನನಗೆ ಹುಟ್ಟಿನಿಂದ ಬಂದದ್ದು. ಬೇರೆಯವರ ಮನೆಯಲ್ಲಿ ವರ್ಷವನ್ನು ಹಬ್ಬಗಳಿಂದ ಎಣಿಸಿದರೆ ನಾನು ಹಬ್ಬಗಳ ಭಯದಿಂದ ಎಣಿಸುತ್ತಿದ್ದೆ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಗೋದಲಿಯ ಹಸಿರಿಗೆಂದು ತಟ್ಟೆಯಲ್ಲಿ ಚೆಲ್ಲಿದ ರಾಗಿ ಬೇಗ ಮೊಳೆತು, ಬಾಲಯೇಸು ಹುಟ್ಟುವಷ್ಟರಲ್ಲಿ ಹಳದಿಯಾಗಿಬಿಟ್ಟರೆ? ಬೂದಿ ಬುಧವಾರಕ್ಕೆ ಸುಡಲು ಕೊಡಬೇಕಾದ, ಕಳೆದ ವರ್ಷದ ಗರಿಗಳ ಭಾನುವಾರದ ಹಳೆಯ ಗರಿಯನ್ನು ಅವ್ವ ಒಲೆಗೆ ಹಾಕಿಬಿಟ್ಟಿದ್ದರೆ? ಶುಕ್ರವಾರ ಮರೆತು ಮಾಂಸದ ಸಾರು ಮುಟ್ಟಿ, ಅದೇ ರಾತ್ರಿ ಸತ್ತುಹೋದರೆ? “ನಿಂಗೆ ಮನೇಲಿರೋ ಚಿಂತೆ ಸಾಲ್ದೆ ಹೋದ್ರೆ ಪಕ್ಕದ ಮನೇಗೆ ಹೋಗಿ ಒಂದು ಬಟ್ಲು ಇಸ್ಕೊಂಡ್ ಬರ್ತೀಯ ಕಣೇ,” ಎನ್ನುತ್ತಿದ್ದಳು ಅವ್ವ.

ನಮ್ಮ ಮನೆ ಯಡಿಯೂರು ಕೆರೆಯ ಈಚೆಗಿತ್ತು. ಜಯನಗರವನ್ನು ಇನ್ನೂ ಕಟ್ಟುತ್ತಿದ್ದ ಕಾಲ. ಅಪ್ಪ ಗಾರೆ ಕೆಲಸದವನು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ, ನೀರು ಬಿಟ್ಟು ಇನ್ನೂ ಕೊತಕೊತ ಕುದಿಯುತ್ತಿದ್ದ ಸುಣ್ಣದ ಗುಂಡಿಗೆ ಅವನ ಬಲಗಾಲು ಜಾರಿತು. ಎರಡು ಬೆರಳು ಹೋದವು. ಗಾಯ ಮಾಗಿದ ಮೇಲೆ ಚರ್ಮ ಅಲ್ಲಲ್ಲಿ ಬೆಳ್ಳಗೆ, ಅಲ್ಲಲ್ಲಿ ಕೆಂಪಗೆ, ಒಣಗಿದ ಗೆಣಸಿನ ಹಾಗೆ ಸುರುಟಿಕೊಂಡು ನಿಂತಿತು. ಪಾದದಲ್ಲಿ ಸ್ಪರ್ಶವೇ ಉಳಿಯಲಿಲ್ಲ. ಕೆಂಡ ಬಿದ್ದರೂ ವಾಸನೆಯಿಂದಲೇ ಅವನಿಗೆ ತಿಳಿಯಬೇಕು.

ಸುಣ್ಣದಿಂದ ಆದದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಚರ್ಚಿನಲ್ಲಿ ಅಪ್ಪ ಕೂತ ಚಾಪೆಯ ಮೇಲೆ ಬೇರೆ ಯಾರೂ ಕೂರುತ್ತಿರಲಿಲ್ಲ. ‘ದೊಡ್ಡ ರೋಗ’, ಅಂದರೆ ಕುಷ್ಠ, ಎಂದು ಯಾರೋ ಪಿಸುಗುಟ್ಟಿದ್ದು ಸುಣ್ಣಕ್ಕಿಂತ ಚೆನ್ನಾಗಿ ಅಂಟಿಕೊಂಡಿತ್ತು. ನಾನೇನು ಮಹಾ? ಭಾನುವಾರ ಪೂಜೆಗೆ ಹೋಗುವಾಗ ಅಪ್ಪನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಹೊತ್ತಾಗುತ್ತದೆಂಬ ಚಿಂತೆ ಎಂದು ಹೇಳಿಕೊಳ್ಳುತ್ತಿದ್ದೆ.

ಯೇಸು ತನ್ನ ಹನ್ನೆರಡು ಪ್ರೇಷಿತ ಶಿಷ್ಯರ ಪಾದ ತೊಳೆದ ನೆನಪಿಗೆ, ಪವಿತ್ರ ಗುರುವಾರ ಹನ್ನೆರಡು ಜನರ ಬಲಪಾದ ತೊಳೆದು, ಒರೆಸಿ, ಬಗ್ಗಿ ಮುತ್ತಿಡುವುದು ನಮ್ಮ ಚರ್ಚಿನ ವಾಡಿಕೆ. ಆ ಹನ್ನೆರಡರಲ್ಲಿ ಒಮ್ಮೆ ಕೂರಬೇಕೆಂಬುದು ಅಪ್ಪನ ಒಂದೇ ಆಸೆ. ಬೇರೆ ಏನನ್ನೂ ಅವನು ಯಾರಲ್ಲೂ ಕೇಳಿದವನಲ್ಲ. ಜನರನ್ನು ಆರಿಸುತ್ತಿದ್ದವರು ನಮಗೆಲ್ಲ ಜಪ ಕಲಿಸುತ್ತಿದ್ದ ಉಪದೇಶಿಗಳು. ಒಂದು ವರ್ಷ, “ಗಡ್ಡ ಇರೋರೇ ಆಗ್ಬೇಕು, ಪ್ರೇಷಿತರ ಹಾಗೆ ಕಾಣ್ಬೇಕು,” ಎಂದರು. ಮರುವರ್ಷ ಅಪ್ಪ ಹಬ್ಬದ ಮುಂಚಿನ ನಲವತ್ತು ದಿನ, ತಪಸ್ಸುಕಾಲವಿಡೀ, ಗಡ್ಡ ಬಿಟ್ಟ. “ಈ ಸಲ ನೀಟಾಗಿರೋರು ಸಾಕು ಅಂದವ್ರೆ ಸ್ವಾಮ್ಯೋರು,” ಎಂದರು. ಅಪ್ಪ ಕೆರೆ ಏರಿಯ ಕ್ಷೌರದವನ ಮುಂದೆ ಕೂತು ಬೋಳಿಸಿಕೊಂಡು ಬಂದ.

ನನಗೆ ಇಪ್ಪತ್ತಾದ ವರ್ಷ, ಗರಿಗಳ ಭಾನುವಾರದಂದು ಉಪದೇಶಿಗಳು ತಾವಾಗಿಯೇ ಅಪ್ಪನನ್ನು ಕರೆದರು.

“ಕಡೇ ಕುರ್ಚಿ ಒಂದು ಖಾಲಿ ಐತೆ. ಅದ್ರಲ್ಲಿ ಕೂರೋಕೆ ಯಾರೂ ಒಪ್ತಿಲ್ಲ. ಯೇಸಪ್ಪನ್ನ ಹಿಡ್ಕೊಟ್ಟ ಯೂದಾಸನ ಕುರ್ಚಿ ಅಂತಾರೆ. ನಿಂಗೇನಪ್ಪ, ಇನ್ನೇನು ಕೆಡೋದೈತೆ?”

“ಯೂದಾಸನ ಕಾಲೂ ತೊಳೆದ್ರಲ್ಲ, ನಮ್ ಯೇಸಪ್ಪ,” ಎಂದ ಅಪ್ಪ. ಮುಖದಲ್ಲಿ ಮದುವಣಿಗನ ಕಳೆ.

ನಲ್ಲಿಯ ಹತ್ತಿರ ಚರ್ಚಿನ ಹೆಂಗಸೊಬ್ಬಳು ನನ್ನನ್ನು ತಡೆದಳು. “ನಿಮ್ಮಪ್ಪನ ಕಾಲು ತೊಳೆದ ನೀರು ಎಲ್ಲಿ ಚೆಲ್ತಾರಂತೆ ಕೇಳ್ಕೊಂಡ್ ಬಾರೇ. ಆ ಕಡೆ ನಮ್ ಮೇಕೆ ಮೇಯುತ್ತೆ.” ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಏನಂದುಕೊಳ್ಳುತ್ತಾರೋ ಎಂಬ ಚಿಂತೆ.

ಸೋಮವಾರದಿಂದಲೇ ನಾನು ಆ ಕಾಲಿನ ಬೆನ್ನು ಹತ್ತಿದೆ. ತೊಳೆಸಿಕೊಳ್ಳಲು ಹೋಗುವ ಕಾಲನ್ನು ಮೊದಲೇ ತೊಳೆಯುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ, ಸ್ವಾಮಿಗಳಿಗೆ ಕೊಳೆ ಕೊಡಲು ಯಾರಿಗೆ ಮನಸ್ಸಾಗುತ್ತದೆ? ನಾನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಇಟ್ಟಿಗೆ ಚೂರಿನಿಂದ ತಿಕ್ಕಿದೆ. ಬಿಳಿ ಮಚ್ಚೆ ಮಂಕಾಗಲೆಂದು ಎಣ್ಣೆ ಬಳಿದೆ. ರಕ್ತ ಜಿನುಗಿದ್ದು ನನಗೂ ಕಾಣಲಿಲ್ಲ, ಅಪ್ಪನಿಗಂತೂ ತಿಳಿಯುವಂತಿರಲಿಲ್ಲ. ಅವ್ವ ಬಂದು ಇಟ್ಟಿಗೆ ಕಿತ್ತುಕೊಂಡಳು. “ಅದು ಕಾಲು ಕಣೇ, ಪಾತ್ರೆ ಅಲ್ಲ.”

ಅಷ್ಟಕ್ಕೇ ಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಬುಧವಾರ ಪಾಪನಿವೇದನೆಗೆ ಹೋದವಳು, ಅದು ಮುಗಿದ ಮೇಲೂ ಜಗಲಿಯಲ್ಲಿ ಕಾದು ನಿಂತೆ. ಸ್ವಾಮಿಗಳು ಹೊಸಬರು. ನಮ್ಮಲ್ಲಿಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ನಾಳೆ ಆ ಕಾಲು ಕಂಡು ಬೆಚ್ಚಿಬಿದ್ದರೆ ಏನು ಗತಿ, ಮೊದಲೇ ಒಂದು ಮಾತು ಹಾಕಿಟ್ಟರೆ ವಾಸಿ ಎಂಬುದು ನನ್ನ ಜಾಣತನ.

“ಸ್ವಾಮಿ, ನಾಳೆ ಕಡೇ ಕುರ್ಚಿ ನಮ್ಮಪ್ಪಂದು. ಅವ್ರ ಕಾಲು ನೋಡಿ ತಪ್ಪು ತಿಳೀಬೇಡಿ. ಜನ ಹೇಳೋ ಹಂಗೆ ಅದು ಆ ರೋಗ ಅಲ್ಲ. ಅಂಟೋದಿಲ್ಲ.”

ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. “ಯಾವ ರೋಗ?”

“ಅದೇ... ಅದಲ್ಲ ಸ್ವಾಮಿ. ಸುಣ್ಣ.”

“ಜನ ಏನೂ ಹೇಳಿಲ್ಲವಲ್ಲಮ್ಮ ನನಗೆ.”

ಅಲ್ಲಿಗೆ ನಿಲ್ಲಿಸಬಹುದಿತ್ತು. “ಡಾಕ್ಟ್ರೇ ಹೇಳವ್ರೆ,” ಎಂದೆ.

“ಯಾವ ಡಾಕ್ಟರು?”

ಅಪ್ಪನ ಕಾಲನ್ನು ಯಾವ ಡಾಕ್ಟರೂ ಸರಿಯಾಗಿ ನೋಡಿರಲಿಲ್ಲ. ಆಸ್ಪತ್ರೆಯ ಕಾಂಪೌಂಡರ್ ಒಬ್ಬ ಮುಲಾಮು ಕೊಟ್ಟಿದ್ದ. ಪಾಪನಿವೇದನೆ ಮುಗಿಸಿ ಕಾಲುಗಂಟೆಯೂ ಕಳೆಯದೆ ಸುಳ್ಳು ಹೇಳಿದ್ದೆ. ಇನ್ನೊಂದಕ್ಕೆ ಬಾಯಿ ಬರಲಿಲ್ಲ. ಅವರು ನನ್ನ ಮುಖ ನೋಡಿ, “ಆಗಲಿ, ಹೋಗಿ ಬಾಮ್ಮ,” ಎಂದರು. ದೊಡ್ಡ ಗಂಡಾಂತರ ತಪ್ಪಿಸಿದೆನೆಂದುಕೊಂಡು ಮನೆಗೆ ಬಂದೆ. ಅಂದು ಚೆನ್ನಾಗಿ ನಿದ್ದೆ ಬಂತು. ನನ್ನ ಜೀವನದಲ್ಲಿ ಅಪರೂಪ.

ಗುರುವಾರ ಸಂಜೆ ಎಲ್ಲವೂ ಸುಸೂತ್ರ. ಅಪ್ಪ ಎಡವಲಿಲ್ಲ. ತಾನೇ ಗಾರೆ ಹಾಕಿದ ನೆಲದ ಮೇಲೆ, ಕಡೆಯ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಪಂಚೆಯುಟ್ಟು ನೆಟ್ಟಗೆ ಕೂತ. ಪಕ್ಕದಾತ ಕುರ್ಚಿಯನ್ನು ಒಂದು ಗೇಣು ಸರಿಸಿಕೊಂಡ, ಅದನ್ನು ನಾವು ಲೆಕ್ಕಕ್ಕಿಡುವಂತಿಲ್ಲ. ಸ್ವಾಮಿಗಳು ಒಬ್ಬೊಬ್ಬರಾಗಿ ತೊಳೆಯುತ್ತ, ಒರೆಸುತ್ತ, ಮುತ್ತಿಡುತ್ತ ಬಂದರು. ಅಪ್ಪ ಬಲಗಾಲನ್ನೇ ಚಾಚಿದ. ಕಣ್ಣು ಮುಚ್ಚಿಕೊಂಡ. ಸ್ವಾಮಿಗಳು ಆ ಕಾಲಿಗೆ ಬೇರೆಲ್ಲರಿಗಿಂತ ಹೆಚ್ಚೇ ನೀರು ಹಾಕಿದರು, ಹೆಚ್ಚೇ ಹೊತ್ತು ಒರೆಸಿದರು, ಬಗ್ಗಿದರು, ಎದ್ದರು. ಯಾರೂ ‘ಅಯ್ಯಪ್ಪಾ’ ಎನ್ನಲಿಲ್ಲ.

ವಾಪಸು ಬರುವಾಗ ನಾನು ಮೊದಲ ಬಾರಿಗೆ ಅಪ್ಪನ ಪಕ್ಕದಲ್ಲೇ ನಡೆದೆ. ಕೆರೆಯ ಏರಿಯ ಮೇಲೆ ಅವನು ನಿಂತ.

“ಅಲ್ಲ ಮಗಾ, ನಂಗೆ ಆ ಕಾಲಲ್ಲಿ ಏನೂ ತಿಳಿಯಾಕಿಲ್ಲ ನೋಡು. ಕಣ್ಣು ಬೇರೆ ಮುಚ್ಕೊಂಡ್‌ಬಿಟ್ಟಿದ್ದೆ. ಸ್ವಾಮ್ಯೋರು ಮುತ್ತಿಟ್ರಾ?”

“ಇಟ್ರು ಅಪ್ಪ.”

“ನೀನು ನೋಡ್ದ್ಯಾ?”

“ನಾಲ್ಕನೇ ಸಾಲಲ್ಲೇ ಇದ್ನಲ್ಲ. ನೋಡ್ದೆ.”

ಅಪ್ಪ ಶುಭ ಶುಕ್ರವಾರ ಆ ಕಾಲಿಗೆ ನೀರು ಹಾಕಲಿಲ್ಲ, ಶನಿವಾರವೂ ಹಾಕಲಿಲ್ಲ. ಅಂಗಳಕ್ಕೆ ಇಳಿಯುವಾಗ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಭಾನುವಾರ, ಯೇಸು ಮರಳಿ ಎದ್ದ ಪಾಸ್ಕ ಹಬ್ಬದ ಬೆಳಗ್ಗೆ ಅವ್ವ ಬಿಸಿನೀರು ಹಿಡಿದು ಬೈದ ಮೇಲೆ, ಎಡಗಾಲೊಂದನ್ನೇ ತೊಳೆದುಕೊಂಡು ಪೂಜೆಗೆ ಬಂದ. ಅದಾದ ಮೇಲೆ ಒಂಬತ್ತು ವರ್ಷ ಬದುಕಿದ. ಪ್ರತಿ ತಪಸ್ಸುಕಾಲದಲ್ಲೂ ಬಂದವರಿಗೆಲ್ಲ ಕಾಲು ಚಾಚಿ ತೋರಿಸಿ, “ಇಲ್ಲೇ,” ಎನ್ನುತ್ತಿದ್ದ. “ನನ್ ಮಗಳು ನೋಡವ್ಳೆ, ಕೇಳಿ.” ಅವರು ನನ್ನತ್ತ ತಿರುಗುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ನಾನು ನೋಡಿದ್ದು ನಿಜ. ಹನ್ನೊಂದು ಜನರಿಗೆ ಸ್ವಾಮಿಗಳ ತುಟಿ ಪಾದಕ್ಕೆ ತಾಗಿತ್ತು. ಅಪ್ಪನ ಕಾಲಿನ ಮೇಲೆ ಅವರು ಟವಲು ಹೊದಿಸಿ, ಟವಲಿನ ಮೇಲೆ ತಮ್ಮ ಹೆಬ್ಬೆರಳನ್ನು ಅಡ್ಡ ಇಟ್ಟು, ಬಗ್ಗಿ, ಆ ಹೆಬ್ಬೆರಳಿಗೆ ಮುತ್ತಿಟ್ಟರು.