ಮಾಡಿನೋಡು ಮೇಡಂ

ನನ್ನ ಪಕ್ಕದ ಕೋಣೆಯಲ್ಲಿ ಕೂರುವ, ಪಾಠ ರೂಪಿಸುವುದು ಹೇಗೆಂದು ಸ್ನಾತಕೋತ್ತರ ತರಗತಿಗೆ ಕಲಿಸುವ ಪ್ರೊಫೆಸರಮ್ಮನನ್ನು ಎಲ್ಲರೂ ಕರೆಯುವುದು 'ಮಾಡಿನೋಡು ಮೇಡಂ' ಎಂದೇ, ಯಾಕೆಂದರೆ ಅವರು ಅಸೈನ್‌ಮೆಂಟುಗಳನ್ನು ಓದಿ ಅಂಕ ಹಾಕುವವರಲ್ಲ, ಮಾಡಿನೋಡಿ ಹಾಕುವವರು. 'ಇದರಿಂದ ಕಲಿಯುವವರಿಗೆ ಅರ್ಥವಾಗುತ್ತದೆ' ಎಂದು ಯಾರಾದರೂ ಬರೆದರೋ, ಮುಗಿಯಿತು ಕಥೆ: "ಅರ್ಥ ಆಗಿದ್ದು ಕಣ್ಣಿಗೆ ಹೇಗಪ್ಪಾ ಕಾಣುತ್ತೆ? ಏನು ಮಾಡಿ ತೋರಿಸ್ತಾರೆ, ಅದನ್ನ ಬರಿ!" ಹುಡುಗನೊಬ್ಬ ಟೈ ಕಟ್ಟುವ ಪಾಠ ಬರೆದುಕೊಟ್ಟಾಗ ಬರೆದದ್ದನ್ನು ಬರೆದಂತೆಯೇ ಪಾಲಿಸಿ, ಕುತ್ತಿಗೆಯ ಜೊತೆ ಕುರ್ಚಿಯ ಬೆನ್ನನ್ನೂ ಸೇರಿಸಿ ಗಂಟು ಹಾಕಿಕೊಂಡಿದ್ದರು. ಬಿಡಿಸಲು ಹೋದ ನನ್ನ ಮೇಲೇ ರೇಗಿದರು: "ಎದ್ದು ನಿಂತು ಕಟ್ಕೊಳ್ಳಿ ಅಂತ ಎಲ್ಲಿ ಬರೆದಿದಾನೆ, ತೋರಿಸಿ ನೋಡೋಣ!" ಈ ಸಲ ಒಬ್ಬ ಹುಡುಗಿ ಸಿಳ್ಳೆ ಹಾಕುವ ಪಾಠ ಬರೆದುಕೊಟ್ಟಳು. ಎಲ್ಲರ ಅಂಕವೂ ಬಂತು, ಅವಳದು ಮಾತ್ರ ಬರಲಿಲ್ಲ. ಕೇಳಲು ಹೋದರೆ, "ತಾಳಮ್ಮ, ಇನ್ನೂ ಬರೀ ಗಾಳಿ ಬರ್ತಿದೆ. ಚಿಕ್ಕವಳಿದ್ದಾಗ ಒಂದ್ಸಲ ತುಟಿ ಸುತ್ತಿದ್ದೆ. ಹೆಣ್ಣುಮಕ್ಕಳು ಸಿಳ್ಳೆ ಹಾಕ್ತಾರಾ ಅಂತ ನಮ್ಮಜ್ಜಿ ಬಾಯಿ ಮೇಲೇ ಬಾರಿಸಿದ್ರು. ಅದಕ್ಕೇ ನಂಗೆ ಸ್ವಲ್ಪ ನಿಧಾನ" ಎಂದರು. ನಿನ್ನೆ ಮಧ್ಯಾಹ್ನ ಗೋಡೆಯಾಚೆಯಿಂದ ಸೋರುವ ಕುಕ್ಕರಿನಂಥ ಒಂದು ಸಿಳ್ಳೆ ಕೇಳಿಸಿತು, ಆಮೇಲೆ ಇನ್ನೊಂದು, ಆಮೇಲೆ ಸಂಜೆಯವರೆಗೂ ಅದೇ. ಸುದ್ದಿ ತಿಳಿದ ಹುಡುಗಿ ಏದುಸಿರು ಬಿಡುತ್ತಾ ಓಡಿಬಂದಳು. "ಪೂರ್ತಿ ಅಂಕ ಕೊಡೋಕಾಗಲ್ಲ ಕಣಮ್ಮ" ಎಂದರು ಮೇಡಂ, ಕಣ್ಣೊರೆಸಿಕೊಳ್ಳುತ್ತಾ. "ನಿಲ್ಲಿಸೋದು ಹೇಗೆ ಅಂತ ನೀನು ಬರೆದೇ ಇಲ್ಲ."