ಕೈಪಿಡಿಯ ಮೂರನೆಯ ಸಾಲು

ಬಟ್ಟೆ ಒಗೆಯುವ ಯಂತ್ರಗಳ ಕಾರ್ಖಾನೆಯಲ್ಲಿ ಕೈಪಿಡಿ ಬರೆಯುವುದು ಅವರ ಕೆಲಸ. ಕರಡನ್ನು ಮೊದಲು ಹೆಂಡತಿ ಓದಿ, ಅದರಲ್ಲಿ ಹೇಳಿದಷ್ಟನ್ನೇ ಮನೆಯ ಯಂತ್ರದಲ್ಲಿ ಮಾಡಬೇಕಿತ್ತು. ಅವಳ ಕೈ ತಡವರಿಸಿದರೆ ಆ ಸಾಲನ್ನು ಅವರು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದರು.

“ನನ್ನಂಥ ದಡ್ಡಿ ಸಿಕ್ಕಿದ್ದು ನಿಮ್ಮ ಪುಣ್ಯ ಕಣ್ರೀ,” ಎಂದು ಅವಳು ನಗುತ್ತಿದ್ದಳು.

ಕೊನೆಯ ಕರಡನ್ನು ಓದಿದ ರಾತ್ರಿ ಮಾತ್ರ, “ಎಲ್ಲಾ ಸರಿಯಾಗಿದೆ, ಮೊದಲು ಊಟ ಮಾಡಿ,” ಎಂದಿದ್ದಳು. ಮರುದಿನ ಬೆಳಗ್ಗೆ ಅವಳು ಏಳಲೇ ಇಲ್ಲ.

ವಾರ ಕಳೆದು, ರಾಶಿ ಬಿದ್ದ ಬಟ್ಟೆ ಒಗೆಯಲು ಅವರು ಅದೇ ಕರಡು ಹಿಡಿದು ನಿಂತರು. ಮೂರನೆಯ ಸಾಲಿನ ತಲೆಬುಡವೇ ತಿಳಿಯಲಿಲ್ಲ. “ಯಾವ ಪುಣ್ಯಾತ್ಮ ಬರೆದನಪ್ಪ ಇದನ್ನ!” ಎಂದು ತಮ್ಮ ಮೇಲೆ ತಾವೇ ರೇಗಿಕೊಂಡರು.

ಅಂಚಿನಲ್ಲಿ ಅವಳ ಪೆನ್ಸಿಲ್ ಅಕ್ಷರಗಳಿದ್ದವು: “ಇದು ಅರ್ಥ ಆಗಲ್ಲ. ಪಾಪ, ಇವತ್ತು ತುಂಬಾ ಸುಸ್ತಾಗಿದ್ದಾರೆ. ನಾಳೆ ಹೇಳಿದ್ರಾಯ್ತು.”