ಅಕ್ಕೋರ ಕಾಲಿನ ಪಟ್ಟಿ

ಅಕ್ಕೋರೆ, ನಿಮ್ಮ ನಡಿಗೆ ಸೊಟ್ಟ ಇರಲಿಲ್ಲ. ಸೊಟ್ಟ ಇದ್ದದ್ದು ನಾನು ಕೊರೆದ ತೂತು. ಅದು ಆ ದಿನವೇ ನನಗೆ ಗೊತ್ತಿತ್ತು — ಗೊತ್ತಿದ್ದೂ ನಿಮ್ಮೆದುರು ನಿಂತು ಸುಳ್ಳು ಹೇಳಿದೆ.

ಮೂರು ವರ್ಷವಾಯಿತು. ಪೋಲಿಯೊ ಆದ ಎಡಗಾಲಿಗೆ ಆಸರೆಗೆಂದು ನೀವು ಕಟ್ಟಿಕೊಳ್ಳುವ ಕ್ಯಾಲಿಪರಿನ ಕಬ್ಬಿಣದ ಪಟ್ಟಿಗಳು ಪಾದದ ಹತ್ತಿರ ಸವೆದಿದ್ದವು. ಒಂದು ಭಾನುವಾರ ಬೆಳಿಗ್ಗೆ ನಿಮ್ಮ ಯಜಮಾನರು ಅದನ್ನು ನಮ್ಮ ಮನೆಗೆ ತಂದುಕೊಟ್ಟರು. ಬೈರಿದೇವರಕೊಪ್ಪದ ನಮ್ಮ ಓಣಿಯಲ್ಲಿ ಕಬ್ಬಿಣದ ಕೆಲಸವೆಂದರೆ ನಾನೇ. ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಫಿಟರ್ ಆಗಿದ್ದವನು, ಹಿತ್ತಲಲ್ಲಿ ಸ್ವಂತ ಡ್ರಿಲ್ ಇಟ್ಟುಕೊಂಡವನು — ಸೊಕ್ಕು ಇರದೆ ಇರುತ್ತದೆಯೇ?

ಹೊಸ ಪಟ್ಟಿ ಎರಡನ್ನೂ ಕತ್ತರಿಸಿದೆ. ಅವನ್ನು ಜೋಡಿಸಿ ಬಿಗಿದು, ಪಂಚ್ ಹೊಡೆದು ಗುರುತು ಮಾಡಿ, ಡ್ರಿಲ್ಲನ್ನು ಸ್ಟ್ಯಾಂಡಿಗೆ ಹಾಕಿ ಒಂದೇ ಸಲ ಕೊರೆಯಬೇಕು. ಆಗಲೇ ಪಾದದ ಕೀಲಿನ ಬೋಲ್ಟ್ ಕೂರುವ ಎರಡು ತೂತೂ ಒಂದೇ ನೇರಕ್ಕೆ ಬಂದು, ಪಾದ ಸಲೀಸಾಗಿ ಮಡಚಿಕೊಳ್ಳುತ್ತದೆ. ಕಾರ್ಖಾನೆಗೆ ಹೊಸದಾಗಿ ಬಂದವರಿಗೆಲ್ಲ ಬೈದು ಬೈದು ಇದನ್ನೇ ಕಲಿಸಿದ್ದೆ. ಆದರೆ ಅಂದು ನಿಮ್ಮ ಯಜಮಾನರು ನೋಡುತ್ತ ನಿಂತಿದ್ದರಲ್ಲ — ಸ್ಟ್ಯಾಂಡ್ ಯಾಕೆ, ನನ್ನ ಕೈಯೇ ಸಾಕು ಎಂದು ಒಂದೊಂದಾಗಿ ಹಿಡಿದು ಕೊರೆದೆ. ಎರಡನೆಯದರಲ್ಲಿ ಡ್ರಿಲ್ಲಿನ ಬಿಟ್ ಜಾರಿತು. ತೂತು ಓರೆಯಾಯಿತು. ಆ ಪಟ್ಟಿ ಬಿಸಾಕಿ ಬೇರೆಯದು ಮಾಡಬೇಕಿತ್ತು... ಮಾಡಲಿಲ್ಲ. ತೂತನ್ನು ಅರದಿಂದ ತಿಕ್ಕಿ ಅಗಲ ಮಾಡಿ, ಬೋಲ್ಟನ್ನು ಬಡಿದು ಕೂರಿಸಿಬಿಟ್ಟೆ.

ನಾಲ್ಕು ದಿನ ಬಿಟ್ಟು ನೀವೇ ಬಂದಿರಿ. "ಕಾಕಾ, ಕಾಲು ಒಳಗ ಎಳದಂಗ ಆಗಾಕತ್ತೈತಿ. ತೂತಿನ್ಯಾಗ ಏನರ ಹೆಚ್ಚುಕಮ್ಮಿ ಆಗೇತೇನ್ರಿ?"

"ಪಟ್ಟಿ ನೆಟ್ಟಗ ಐತ್ರಿ ಅಕ್ಕೋರ. ನಿಮ್ಮ ನಡಿಗೀನ ಸೊಟ್ಟ ಐತಿ. ಹೆಜ್ಜಿ ನೋಡಿ ಇಡ್ರಿ."

ಎಂಥ ಮಾತು! ಎಳೆಯ ಮಗುವಿನ ಹಾಗೆ ಕಷ್ಟಪಟ್ಟು ನಡಿಗೆ ಕಲಿತವರಿಗೆ... ನೀವು ಅದನ್ನೇ ನಂಬಿದಿರಿ. ಮರುದಿನದಿಂದ ನಿಮ್ಮ ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಅದರ ಮೇಲೆ ನಡೆಯತೊಡಗಿದಿರಿ. ನಾನು ಎದುರುಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನೋಡಿ, ಚಹಾ ಕುಡಿಯುತ್ತಿದ್ದೆ. ಪಾದದ ಬದಿ ಹುಣ್ಣಾಯಿತೆಂದು ನನ್ನ ಹೆಂಡತಿ ಬಂದು ಹೇಳಿದಾಗಲೂ ಬಾಯಿ ಬಿಡಲಿಲ್ಲ. ನಡೆದೇ ಶಾಲೆಗೆ ಹೋಗಿ ಪಾಠ ಮಾಡುತ್ತಿದ್ದವರು ಆಟೋ ಹಿಡಿದಿರಿ.

ಮೊನ್ನೆ ನಿಮಗೆ ಹೊಸ ಕ್ಯಾಲಿಪರ್ ಬಂತಂತೆ. ಅಳತೆ ತೆಗೆದುಕೊಳ್ಳುವವನಿಗೆ ನೀವು, ನನ್ನ ನಡಿಗೆಯೇ ಸರಿ ಇಲ್ಲ, ಅದಕ್ಕೆ ಹೊಂದುವ ಹಾಗೆ ಮಾಡಿ ಎಂದಿರಂತೆ. ನಿಮ್ಮ ಯಜಮಾನರು ನಗುತ್ತ ಹೇಳಿದರು.

ನಾಳೆ ನೀವು ಶಾಲೆಗೆ ಹೊರಡುವ ಮೊದಲೇ ಬರುತ್ತೇನೆ. ನಿಮ್ಮ ಯಜಮಾನರ ಎದುರಿಗೇ ಎಲ್ಲ ಹೇಳುತ್ತೇನೆ. ಬೈಯಬೇಕೆನಿಸಿದರೆ ಬೈಯಿರಿ, ಮನೆಯೊಳಗೆ ಕರೆಯದಿದ್ದರೂ ಸರಿಯೇ. ಆದರೆ ನಿಮ್ಮ ಸ್ವಭಾವ ನನಗೆ ಗೊತ್ತು — "ಇರ್ಲಿ ಬಿಡ್ರಿ ಕಾಕಾ" ಎಂದು ಮಾತ್ರ ಅನ್ನಬೇಡಿ.